ಕಾಯಿಸಿದ ಹಾಲಿನ ಸತ್ತ್ವ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಮನೆಗಳಲ್ಲಿ ಹಾಲನ್ನು ಕಾಯಿಸಿಯೇ ಹೆಪ್ಪು ಹಾಕುವುದು ರೂಢಿ. ಕಾಯಿಸಿದರೆ ಸತ್ತ್ವ ನಾಶವಾಗುವುದೆಂದು ಹಸಿಹಾಲನ್ನೇ ಮೆಚ್ಚುವವರೂ ಉಂಟು. ಇದು ನಿಜವೇ?

ಹಸುವಿನ ಹಾಲಿನಲ್ಲಿ ಪ್ರೋಟೀನು ನೂರಕ್ಕೆ ಸುಮಾರು 3.3 ಭಾಗ. ಅದರ ಐದರಲ್ಲಿ ನಾಲ್ಕು ಪಾಲು ಕೇಸೀನ್. ಮಿಕ್ಕುದು ಒಡೆದ ಹಾಲಿನ ತಿಳಿನೀರಿನಲ್ಲಿ ಉಳಿಯುವ ಪ್ರೋಟೀನುಗಳು. ಕೇಸೀನ್ ಕುದಿತಕ್ಕೂ ಜಗ್ಗದು. ತಿಳಿನೀರಿನ ಪ್ರೋಟೀನುಗಳು ಹಾಗಲ್ಲ. ಅವುಗಳ ಅಣುಗಳು ನೂಲಿನ ಉಂಡೆಯಂತೆ ಮಡಿಸಿಕೊಂಡಿರುತ್ತವೆ. ಉಷ್ಣತೆ 70 ಡಿಗ್ರಿ ಸೆಂಟಿಗ್ರೇಡನ್ನು ದಾಟಿತೆಂದರೆ ಅಣುಗಳ ಕಂಪನ ಹೆಚ್ಚಿ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ. ಒಳಗಡಗಿದ್ದ ಗಂಧಕದ ಪರಮಾಣುಗಳು ಬಯಲಿಗೆ ಬಂದು, ಅವುಗಳ ಮೂಲಕ ಈ ಎಳೆಗಳು ಕೇಸೀನಿನ ಕಣಗಳಿಗೆ ಬೆಸೆದುಕೊಳ್ಳುತ್ತವೆ. ಕಾದ ಹಾಲಿನ ವಿಶಿಷ್ಟ ವಾಸನೆಗೆ ಗಂಧಕದ ಸಂಯುಕ್ತಗಳೇ ಮುಖ್ಯ ಕಾರಣ. ಕಾಯಿಸಿದ ಹಾಲಿನ ಮೊಸರು ಗಟ್ಟಿಯಾಗುವುದೂ ಈ ಬೆಸುಗೆಯಿಂದಲೇ. ಪ್ರೋಟೀನಿನ ಬಲೆ ಬಿಗಿಯಾಗಿ ನೀರನ್ನು ಹಿಡಿದಿಡುತ್ತದೆ.

ಮಡಿಕೆ ಬಿಚ್ಚಿತೇ ಹೊರತು ಎಳೆ ತುಂಡಾಗಲಿಲ್ಲ. ಅಮೈನೊ ಆಮ್ಲಗಳು ಬಹುಮಟ್ಟಿಗೆ ಉಳಿದೇ ಇರುತ್ತವೆ. ಬಹಳ ಹೊತ್ತು ಬತ್ತಿಸಿದಾಗ ಮಾತ್ರ ಲೈಸೀನ್ ಎಂಬ ಆಮ್ಲವು ಹಾಲಿನ ಸಕ್ಕರೆಯೊಡನೆ ಕೂಡಿ ಅಷ್ಟಿಷ್ಟು ನಷ್ಟವಾಗುತ್ತದೆ. ಹಾಲು ಕಂದುಬಣ್ಣಕ್ಕೆ ತಿರುಗುವುದೇ ಅದರ ಕುರುಹು.

ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರು ಎತ್ತರದಲ್ಲಿದೆ. ವಾಯುವಿನ ಒತ್ತಡ ಕಡಿಮೆಯಾದುದರಿಂದ ಇಲ್ಲಿ ನೀರು 97.5 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಹಾಲು ಅದಕ್ಕಿಂತ ತುಸು ಮೇಲೆ. ಅಷ್ಟು ಶಾಖ ಧಾರಾಳವಾಗಿ ಸಾಕು. ಹಸಿಹಾಲಿನ ಮೂಲಕ ಹರಡಬಲ್ಲ ಕ್ಷಯ, ಬ್ರೂಸೆಲ್ಲಾ ಜ್ವರಗಳ ರೋಗಾಣುಗಳನ್ನು ಅಳಿಸಲು ಡೇರಿಗಳಲ್ಲಿ 72 ಡಿಗ್ರಿಯ ಶಾಖವನ್ನು 15 ಸೆಕೆಂಡು ಕೊಡುತ್ತಾರೆ. ಒಂದು ಉಕ್ಕು ಬಂದೊಡನೆ ಇಳಿಸಿದ ಹಾಲಿನಲ್ಲಿ ಸತ್ತ್ವ ಉಳಿಯುತ್ತದೆ, ರೋಗಭಯ ಅಳಿಯುತ್ತದೆ.