ಹನಿ ನೀರಾವರಿ: ಕೊಳವೆಗಿಂತ ಮೊದಲು ಲೆಕ್ಕ

ನಮ್ಮ ಜತ್ತ, ಅಕ್ಕಲಕೋಟೆಗಳ ಕಡೆ ಮಳೆಯನ್ನು ನಂಬುವಂತಿಲ್ಲ. ಬಾವಿಯ ನೀರೇ ಬೆಳೆಯ ಜೀವ. ಆದುದರಿಂದ ಹನಿ ನೀರಾವರಿ ಮಾಡಬೇಕೆನ್ನುವ ರೈತಬಂಧುಗಳು ಅಂಗಡಿಗೆ ಹೋಗುವ ಮುನ್ನ ತಮ್ಮ ಬಾವಿಯನ್ನು ಅಳೆಯಬೇಕೆಂದು ನಾವು ಹೇಳುತ್ತೇವೆ.

ಅಳೆಯುವ ಬಗೆ ಸುಲಭ. ಬೇಸಿಗೆಯಲ್ಲಿ, ಪಂಪು ಒಂದು ತಾಸು ನಡೆದ ಮೇಲೆ, 200 ಲೀಟರಿನ ಪೀಪಾಯಿ ಹಿಡಿಯಿರಿ. ಒಂದು ನಿಮಿಷಕ್ಕೆ ತುಂಬಿದರೆ ತಾಸಿಗೆ 12,000 ಲೀಟರು ನೀರೆಂದಾಯಿತು.

ಇನ್ನು ಹೊಲದ ಲೆಕ್ಕ. ಮೆಣಸಿನಗಿಡದ ಸಾಲುಗಳ ನಡುವೆ 4 ಅಡಿ ಅಂತರವಿದ್ದರೆ ಎಕರೆಗೆ ಸುಮಾರು 3,300 ಮೀಟರು ಸಾಲುಕೊಳವೆ ಬೇಕು. 40 ಸೆಂಟಿಮೀಟರಿಗೊಂದರಂತೆ 8,250 ಹನಿಬಾಯಿಗಳಾಗುವವು. ಒಂದೊಂದು ತಾಸಿಗೆ 2 ಲೀಟರು ಬಿಟ್ಟರೆ ಒಟ್ಟು 16,500 ಲೀಟರು. ಮೇಲೆ ಹೇಳಿದ ಬಾವಿ ಇದನ್ನು ಒಮ್ಮೆಗೇ ಪೂರೈಸಲಾರದು. ಒತ್ತಡ ಕುಂದಿ ಸಾಲಿನ ಕೊನೆಯ ಗಿಡಗಳು ಬಾಡುವವು.

ಉಪಾಯವೇನು? ಎಕರೆಯನ್ನು 20 ಗುಂಟೆಯ ಎರಡು ಭಾಗ ಮಾಡಿ, ಒಂದೊಂದಕ್ಕೂ ಬೇರೆ ವಾಲ್ವು ಇಡಿರಿ. ಆಗ ತಾಸಿಗೆ 8,250 ಲೀಟರು ಸಾಕು. ಎಕರೆಗೆ ದಿನಕ್ಕೆ 20,000 ಲೀಟರು, ಅಂದರೆ 5 ಮಿಲಿಮೀಟರ್ ಮಳೆಯಷ್ಟು, ಕೊಡಬೇಕಾದರೆ ಭಾಗಕ್ಕೆ ಸುಮಾರು ಒಂದೂಕಾಲು ತಾಸು ಹಿಡಿಯುವುದು. ಎರಡೂವರೆ ತಾಸು ಬಾವಿ ನೀರು ಕೊಡದಿದ್ದರೆ ಬೆಳೆಯ ವಿಸ್ತಾರವನ್ನೇ ಕಡಿಮೆ ಮಾಡುವುದು ಜಾಣತನ.

ಸಾಲುಗಳು ಇಳಿಜಾರಿಗೆ ಅಡ್ಡಲಾಗಿರಲಿ. ನೀರಿನಲ್ಲಿ ಪಾಚಿಯಿದ್ದರೆ ಜಾಲರಿಯ ಫಿಲ್ಟರಿಗಿಂತ ಮೊದಲು ಮರಳಿನ ಫಿಲ್ಟರು ಬೇಕು. ಆಗಾಗ ಕೊಳವೆಗಳ ತುದಿ ಬಿಚ್ಚಿ ಕೆಸರನ್ನು ಹೊರಬಿಡಿರಿ.

ಇದು ಹೊಸ ವಿದ್ಯೆಯಲ್ಲ, ಬರೀ ಗುಣಾಕಾರ. ಮನೆಯಲ್ಲಿ ಐದನೆಯ ಇಯತ್ತೆಯ ಮಗುವಿದ್ದರೆ ಅದರ ಕೈಯಿಂದಲೇ ಮಾಡಿಸಿರಿ. ಸಾಲದ ಕಾಗದಕ್ಕೆ ಸಹಿ ಹಾಕುವುದು ಆಮೇಲೆ.