ಎಂದಿನಿಂದ ಎಣಿಸುವುದು?

2020ರ ಮಾರ್ಚ್ ತಿಂಗಳಿನಲ್ಲಿ ಪರದೇಶಗಳಿಂದ ಬೆಂಗಳೂರಿಗೆ ಬಂದಿಳಿಯುತ್ತಿದ್ದ ಪ್ರಯಾಣಿಕರ ಕೈಯ ಹಿಂಬದಿಯಲ್ಲಿ, ತೊಳೆದರೂ ಬೇಗನೆ ಅಳಿಯದ ಶಾಯಿಯಿಂದ ಮುದ್ರೆಯೊಂದನ್ನೊತ್ತಿ, ಇಂಥ ತಾರೀಖಿನವರೆಗೆ ಇವರು ಮನೆಯಲ್ಲಿಯೇ ಇರತಕ್ಕವರೆಂದು ಅದರಲ್ಲಿ ನಮೂದಿಸಿ ಕಳುಹಿಸುತ್ತಿದ್ದುದು ಓದುಗರಲ್ಲಿ ಹಲವರಿಗೆ ನೆನಪಿರಬಹುದು. ಆ ತಾರೀಖನ್ನು ಗೊತ್ತುಮಾಡುವುದರಲ್ಲಿ ಕ್ಲೇಶವೇನೂ ಇರಲಿಲ್ಲ. ಬಂದಿಳಿದ ದಿನದಿಂದ ಹದಿನಾಲ್ಕನ್ನು ಎಣಿಸಿದರಾಯಿತು. ಆದರೆ ಕೆಲವೇ ತಿಂಗಳುಗಳಲ್ಲಿ ಕೋವಿಡ್ ರೋಗವು ವಿಮಾನವನ್ನು ಬಿಟ್ಟು ಬೀದಿಗಿಳಿದು, ಎಲ್ಲಿಂದ ಬಂದಿತು, ಯಾರಿಂದ ತಗುಲಿತು ಎಂಬುದೇ ತಿಳಿಯದಂತೆ ಮನೆಮನೆಯನ್ನೂ ಹೊಕ್ಕಾಗ, ಲೆಕ್ಕವು ತೊಡಕಾಯಿತು. ಸೋಮವಾರ ರಾತ್ರಿ ಗಂಟಲು ಕೆರೆದು, ಮಂಗಳವಾರ ಮೈ ಬಿಸಿಯಾಗಿ, ಬುಧವಾರ ಸ್ವಾಬ್ ಕೊಟ್ಟು, ಶುಕ್ರವಾರ ಪಾಸಿಟಿವ್ ಎಂಬ ರಿಪೋರ್ಟನ್ನು ಪಡೆದ ಗೃಹಸ್ಥನು, ಈ ನಾಲ್ಕರಲ್ಲಿ ಯಾವ ದಿನವನ್ನು ತನ್ನ ಏಕಾಂತವಾಸದ ಆರಂಭವೆಂದು ಹಿಡಿಯತಕ್ಕದ್ದು?

ಉತ್ತರವನ್ನು ಸರ್ಕಾರದ ಸುತ್ತೋಲೆಗಳಲ್ಲಿ ಹುಡುಕುವುದಕ್ಕೆ ಮೊದಲು ವೈರಾಣುವಿನ ದಿನಚರಿಯನ್ನು ನೋಡುವುದು ಯುಕ್ತ. ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟಾಗುವ ಈ ಕಣದೊಳಗೆ, ಸುಮಾರು ಮೂವತ್ತು ಸಾವಿರ ಅಕ್ಷರಗಳ ಆರ್‌ಎನ್‌ಎ ಎಳೆಯೊಂದು ಸುತ್ತಿಕೊಂಡಿರುತ್ತದೆ. ಉಣ್ಣುವುದೂ ಉಸಿರಾಡುವುದೂ ಇದಕ್ಕಿಲ್ಲ. ಮೂಗಿನ ಒಳಪೊರೆಯ ಜೀವಕೋಶದ ಮೇಲಿರುವ ಎಸಿಇ2 ಎಂಬ ಪ್ರೋಟೀನಿಗೆ ತನ್ನ ಮೊಳೆಯನ್ನು ತಗುಲಿಸಿ ಒಳನುಗ್ಗಿತೆಂದರೆ, ಆ ಕೋಶದ ಯಂತ್ರೋಪಕರಣಗಳನ್ನೇ ತನ್ನ ಪ್ರತಿಗಳ ತಯಾರಿಕೆಗೆ ತೊಡಗಿಸಿ, ಅರ್ಧ ದಿನ ಕಳೆಯುವುದರೊಳಗಾಗಿ ಹೊಸ ಕಣಗಳ ಹಿಂಡನ್ನು ಹೊರಕ್ಕೆ ಕಳುಹಿಸುತ್ತದೆ. ರೋಗದ ನಿಜವಾದ ಆರಂಭವು ಈ ಪ್ರವೇಶದ ಕ್ಷಣವೇ ಹೊರತು ಬೇರೆಯಲ್ಲ. ಆದರೆ ಆ ಕ್ಷಣವು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು.

ಅದನ್ನು ಗಡಿಯಾರ ನೋಡಿ ಬರೆದಿಟ್ಟುಕೊಂಡ ಪ್ರಸಂಗವೊಂದು ಉಂಟು. 2021ರಲ್ಲಿ ಲಂಡನ್ನಿನ ವಿಜ್ಞಾನಿಗಳು, ಹದಿನೆಂಟರಿಂದ ಇಪ್ಪತ್ತೊಂಬತ್ತು ವರ್ಷದೊಳಗಿನ 36 ಮಂದಿ ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ, ಅವರ ಪೂರ್ಣ ಸಮ್ಮತಿಯಿಂದ, ಅತ್ಯಲ್ಪ ಪ್ರಮಾಣದ ವೈರಾಣುವನ್ನು ಹನಿಯಾಗಿ ಬಿಟ್ಟು, ಆಸ್ಪತ್ರೆಯ ಪ್ರತ್ಯೇಕ ಕೋಣೆಗಳಲ್ಲಿರಿಸಿ, ದಿನಕ್ಕೆರಡು ಬಾರಿ ಮೂಗು ಗಂಟಲುಗಳನ್ನು ಪರೀಕ್ಷಿಸಿದರು. ಇಂಥ ಪ್ರಯೋಗವು ಧರ್ಮಸಮ್ಮತವೇ ಎಂದು ಅಂದು ಎದ್ದ ವಾದವು ನಿಷ್ಕಾರಣವಾದುದಲ್ಲ. ಆದರೂ ಅದರಿಂದ ದೊರೆತ ತಿಳಿವಳಿಕೆ ಮತ್ತೆಲ್ಲಿಯೂ ದೊರೆಯುವಂಥದಾಗಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಸೋಂಕು ಹತ್ತಿದವರು 18 ಮಂದಿ. ಅವರಲ್ಲಿ ಸರಾಸರಿ ನಲವತ್ತು ಗಂಟೆಗಳಿಗೆ ಗಂಟಲಿನಲ್ಲಿಯೂ, ಸುಮಾರು ಐವತ್ತೆಂಟು ಗಂಟೆಗಳಿಗೆ ಮೂಗಿನಲ್ಲಿಯೂ ವೈರಾಣು ಕಾಣಿಸಿಕೊಂಡು, ಐದನೆಯ ದಿನದ ಹೊತ್ತಿಗೆ ಶಿಖರವನ್ನೇರಿ, ಸಜೀವ ವೈರಾಣುವು ಸರಾಸರಿ ಆರೂವರೆ ದಿನಗಳ ಕಾಲ ದೊರೆಯುತ್ತಲೇ ಇದ್ದು, ಕೆಲವರಲ್ಲಿ ಹನ್ನೆರಡನೆಯ ದಿನದವರೆಗೂ ಉಳಿಯಿತು.

ಇಂಥ ಶೂನ್ಯಮುಹೂರ್ತವು ಉಳಿದ ನಮಗಾರಿಗೂ ಲಭ್ಯವಿಲ್ಲದುದರಿಂದ, ಕಣ್ಣಿಗೆ ಕಾಣುವ ಬೇರೊಂದು ಗುರುತನ್ನು ಹಿಡಿಯಬೇಕಾಯಿತು. ಆ ಗುರುತೇ ಮೊದಲ ರೋಗಲಕ್ಷಣ. ಮೊದಮೊದಲಿನ ತಳಿಗಳಲ್ಲಿ ಪ್ರವೇಶದಿಂದ ಲಕ್ಷಣದವರೆಗಿನ ಅವಧಿ ಐದು ದಿನಗಳ ಆಸುಪಾಸಿನಲ್ಲಿದ್ದು, ಲಕ್ಷಣ ತೋರುವವರಲ್ಲಿ ಬಹುಪಾಲು ಮಂದಿಗೆ ಹನ್ನೆರಡು ದಿನಗಳೊಳಗೆ ಅದು ತೋರಿಯೇ ಬಿಡುತ್ತಿತ್ತು. ಓಮಿಕ್ರಾನ್ ಬಂದ ಮೇಲೆ ಇದು ಮೂರು ದಿನಗಳಿಗೆ ಇಳಿಯಿತು. ಹೀಗೆ ಪ್ರವೇಶದಿಂದ ಲೆಕ್ಕ ಹಾಕಿದರೆ ಮನುಷ್ಯನಿಂದ ಮನುಷ್ಯನಿಗೆ ಅಂತರ ಬಹಳ. ಲಕ್ಷಣದಿಂದ ಲೆಕ್ಕ ಹಾಕಿದರೋ, ಚಿತ್ರವು ಬಹುಮಟ್ಟಿಗೆ ಸ್ಥಿರವಾಗುತ್ತದೆ: ಲಕ್ಷಣಕ್ಕೆ ಎರಡು ದಿನ ಮೊದಲಿನಿಂದಲೇ ರೋಗಿಯು ಇತರರಿಗೆ ಸೋಂಕು ಹಂಚಬಲ್ಲ, ಲಕ್ಷಣ ತೋರುವ ದಿನದ ಆಚೀಚೆಯಲ್ಲಿಯೇ ಆ ಸಾಮರ್ಥ್ಯವು ಅತ್ಯಧಿಕ. 2020ರ ಆರಂಭದಲ್ಲಿ ಮ್ಯೂನಿಕ್ಕಿನ ಒಂಬತ್ತು ಮಂದಿ ರೋಗಿಗಳನ್ನು ಅಭ್ಯಸಿಸಿದವರಿಗೆ, ಲಕ್ಷಣದ ಎಂಟನೆಯ ದಿನದಿಂದಾಚೆಗೆ ಸಜೀವ ವೈರಾಣುವನ್ನು ಬೆಳೆಸುವುದು ಸಾಧ್ಯವಾಗಲಿಲ್ಲ. ರೋಗಿಯು ಹತ್ತು ದಿನ ಪ್ರತ್ಯೇಕವಾಗಿರಬೇಕೆಂಬ ನಿಯಮವು ಇಂಥ ಆಧಾರಗಳ ಮೇಲೆ ನಿಂತಿತ್ತು.

ಇಲ್ಲಿ ಎರಡು ಪ್ರಶ್ನೆಗಳನ್ನು ಒಂದೆಂದು ಭ್ರಮಿಸುವವರೇ ಹೆಚ್ಚು. ಪ್ರತ್ಯೇಕವಾಗಿರಲು ತೊಡಗಬೇಕಾದುದು ಯಾವಾಗ ಎಂಬುದು ಒಂದು, ದಿನಗಳನ್ನು ಎಣಿಸತೊಡಗಬೇಕಾದುದು ಯಾವಾಗ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ, ಸಂಶಯ ಮೂಡಿದ ಗಳಿಗೆಯಲ್ಲಿಯೇ ಎಂಬುದು. "ರಿಪೋರ್ಟ್ ಬರಲಿ, ಆಮೇಲೆ ನೋಡೋಣ" ಎಂದು ಬುಧವಾರ ಗುರುವಾರಗಳಂದು ಸಂತೆಗೆ ಹೋಗಿಬರುವವನು, ತನ್ನ ಪಾಲಿನ ಅತ್ಯಂತ ಅಪಾಯಕರ ದಿನಗಳನ್ನು ಊರಿಗೆ ಹಂಚಿ, ನಿರುಪದ್ರವಿಯಾಗುತ್ತ ಬಂದ ದಿನಗಳನ್ನು ಕೋಣೆಯೊಳಗೆ ಕಳೆಯುತ್ತಾನೆ.

ಎರಡನೆಯದಕ್ಕೆ ಉತ್ತರ, ಮೊದಲ ಲಕ್ಷಣ ತೋರಿದ ದಿನದಿಂದ ಎಂಬುದು. ಲಕ್ಷಣವೇ ಇಲ್ಲದವನಿಗೆ ಸ್ವಾಬ್ ಕೊಟ್ಟ ದಿನವೇ ಗತಿ. ರಿಪೋರ್ಟು ಬಂದ ದಿನವಲ್ಲ. ಪ್ರಯೋಗಶಾಲೆಯಲ್ಲಿ ನಳಿಕೆಗಳು ಸರದಿ ಕಾಯುತ್ತಿರುವಾಗ ದೇಹದೊಳಗಿನ ವೈರಾಣುವೇನೂ ಕಾಯುತ್ತಿರುವುದಿಲ್ಲ. ಪರೀಕ್ಷೆಯನ್ನು ನಡೆಸುವ ಆರ್‌ಟಿ-ಪಿಸಿಆರ್ ಯಂತ್ರವೇ ರೋಗವು ಎಷ್ಟನೆಯ ದಿನದಲ್ಲಿದೆಯೆಂದು ಹೇಳಬಾರದೇ ಎಂದು ಕೇಳುವವರುಂಟು. 1983ರಲ್ಲಿ ಕ್ಯಾರಿ ಮುಲ್ಲಿಸ್ ಕಂಡುಹಿಡಿದು, ಹತ್ತು ವರ್ಷಗಳ ಮೇಲೆ ನೊಬೆಲ್ ಪಾರಿತೋಷಕಕ್ಕೆ ಭಾಜನನಾದ ಪಿಸಿಆರ್ ವಿಧಾನದ ಮರ್ಮವು, ಶಾಖವನ್ನು ಏರಿಸುವುದರಲ್ಲಿಯೂ ಇಳಿಸುವುದರಲ್ಲಿಯೂ ಅಡಗಿದೆ. ವೈರಾಣುವಿನ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎಯಾಗಿ ನಕಲುಮಾಡಿಕೊಂಡು, ಯಂತ್ರವು ಅದನ್ನು ತೊಂಬತ್ತೈದು ಡಿಗ್ರಿಯವರೆಗೆ ಕಾಯಿಸಿ ಜೋಡಿಯೆಳೆಗಳನ್ನು ಬಿಡಿಸುತ್ತದೆ. ಅರವತ್ತು ಡಿಗ್ರಿಯ ಸುತ್ತಮುತ್ತಲಿಗೆ ಇಳಿಸಿದಾಗ ಒಂದೊಂದು ಎಳೆಯೂ ತನ್ನ ಜೊತೆಯನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅಷ್ಟು ಶಾಖದಲ್ಲಿಯೂ ಕೆಡದೆ ಈ ಕೆಲಸವನ್ನು ನಡೆಸುವ ಕಿಣ್ವವು ಮೊದಲು ದೊರೆತುದು, ಅಮೆರಿಕದ ಯೆಲ್ಲೋಸ್ಟೋನ್ ಪ್ರದೇಶದ ಬಿಸಿನೀರಿನ ಬುಗ್ಗೆಗಳಲ್ಲಿ ವಾಸಿಸುವ ಬ್ಯಾಕ್ಟೀರಿಯವೊಂದರಿಂದ. ಪ್ರತಿ ಆವರ್ತನದಲ್ಲಿಯೂ ಪ್ರತಿಗಳು ಇಮ್ಮಡಿಯಾಗಿ, ಮೂವತ್ತು ಆವರ್ತನಗಳಲ್ಲಿ ಒಂದು ತುಣುಕು ನೂರು ಕೋಟಿಯನ್ನು ಮೀರುತ್ತದೆ. ಎಷ್ಟನೆಯ ಆವರ್ತನದಲ್ಲಿ ಬೆಳಕಿನ ಸಂಜ್ಞೆ ಮೂಡಿತೆಂಬ ಸಂಖ್ಯೆಯೇ ಸಿಟಿ ಮೌಲ್ಯ. ನಮ್ಮ ದೇಶದಲ್ಲಿ 35ರವರೆಗಿನದನ್ನು ಪಾಸಿಟಿವ್ ಎಂದು ಎಣಿಸಿದರು. ಆದರೆ ಸಿಟಿ ಮೌಲ್ಯ ಮೂವತ್ತೆಂದು ಬಂದಾಗ, ವೈರಾಣುವು ಏರುತ್ತಿರುವ ಎರಡನೆಯ ದಿನವೋ, ಇಳಿಯುತ್ತಿರುವ ಹನ್ನೆರಡನೆಯ ದಿನವೋ ಎಂಬುದು ಆ ಒಂದೇ ಸಂಖ್ಯೆಯಿಂದ ತಿಳಿಯುವಂತಿಲ್ಲ. ಅಷ್ಟೇ ಅಲ್ಲದೆ, ಸತ್ತ ವೈರಾಣುವಿನ ಚೂರುಗಳನ್ನೂ ಯಂತ್ರವು ಅಷ್ಟೇ ಶ್ರದ್ಧೆಯಿಂದ ಇಮ್ಮಡಿಸುವುದರಿಂದ, ಗುಣಮುಖರಾದವರು ವಾರಗಟ್ಟಲೆ ಪಾಸಿಟಿವ್ ಎಂದೇ ತೋರುತ್ತಿದ್ದರು.

ಸರ್ಕಾರಗಳು ಈ ಗುರುತುಗಳನ್ನು ಒಮ್ಮೊಮ್ಮೆ ಒಂದೊಂದು ಬಗೆಯಾಗಿ ಆರಿಸಿಕೊಂಡವು. 2020ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಮನೆಯಲ್ಲಿರುವ ರೋಗಿಗೆ ಲಕ್ಷಣದಿಂದ ಹದಿನೇಳು ದಿನಗಳನ್ನು ವಿಧಿಸಿತ್ತು. 2021ರ ಏಪ್ರಿಲ್ ಹೊತ್ತಿಗೆ ಅದು ಹತ್ತಾಗಿ, ಜೊತೆಗೆ ಮೂರು ದಿನ ಜ್ವರವಿಲ್ಲದಿರಬೇಕೆಂಬ ನಿಬಂಧನೆಯಿತ್ತು. 2022ರ ಜನವರಿಯಲ್ಲಿ, ಜ್ವರದ ನಿಬಂಧನೆಯನ್ನು ಉಳಿಸಿಕೊಂಡು, ಪಾಸಿಟಿವ್ ಆದ ಮೇಲೆ ಏಳು ದಿನಗಳೆಂದು ಮಾಡಿ, ಎಣಿಕೆಯ ಗುರುತನ್ನೇ ಲಕ್ಷಣದಿಂದ ಪರೀಕ್ಷೆಗೆ ಬದಲಿಸಿತು. ಇದು ಲೆಕ್ಕವಿಡುವ ಅಧಿಕಾರಿಗೆ ಸುಲಭ, ಶರೀರಧರ್ಮಕ್ಕೆ ದೂರ. ಪರೀಕ್ಷೆಗೆ ತಡವಾಗಿ ಹೋದವನಿಗೆ ಅಷ್ಟು ದಿನಗಳ ಸೆರೆ ಹೆಚ್ಚು, ಲಕ್ಷಣಕ್ಕೆ ಮುನ್ನವೇ ಹೋದವನಿಗೆ ಅಷ್ಟು ಕಡಿಮೆ. ಅಮೆರಿಕದವರು ಈ ಎರಡನೆಯವನನ್ನು ಮರೆಯದೆ, ಪರೀಕ್ಷೆಯ ತರುವಾಯ ಲಕ್ಷಣ ತೋರಿದರೆ ಎಣಿಕೆಯನ್ನು ಅಂದಿನಿಂದ ಪುನಃ ಆರಂಭಿಸಬೇಕೆಂದರು. ಇಂಗ್ಲೆಂಡಿನ ನಿಯಮವು ಲಕ್ಷಣದ ದಿನವನ್ನೂ ಅದರ ಮುಂದಿನ ಹತ್ತು ಪೂರ್ಣ ದಿನಗಳನ್ನೂ ಕೇಳಿತು. ಎಂದರೆ ನಮ್ಮ ಗೃಹಸ್ಥನ ಸೋಮವಾರವು ಶೂನ್ಯವಾಗಿ, ಮಂಗಳವಾರ ಒಂದಾಗಿ, ಮುಂದಿನ ವಾರದ ಗುರುವಾರ ನಡುರಾತ್ರಿಗೆ ಆತನ ಬಿಡುಗಡೆ.

ಸಾವಿನ ದಿನವನ್ನೇ ಒಂದೆಂದು ಹಿಡಿದು ಆಶೌಚವನ್ನು ಎಣಿಸುವ ನಮ್ಮ ಮನೆಗಳ ಹಿರಿಯರಿಗೆ ಈ ಶೂನ್ಯದಿನವು ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಘಟನೆಯಿಂದ ಎಣಿಸಬೇಕೋ, ವಾರ್ತೆ ಬಂದಂದಿನಿಂದ ಎಣಿಸಬೇಕೋ ಎಂಬ ಚರ್ಚೆ ಅವರಿಗೆ ಹೊಸದಲ್ಲ. ದೂರದೇಶದಲ್ಲಿ ಸಪಿಂಡನಾದ ಬಂಧುವು ತೀರಿದ ಸುದ್ದಿ ಹತ್ತು ದಿನಗಳೊಳಗೆ ಮುಟ್ಟಿದರೆ ಉಳಿದ ದಿನಗಳಷ್ಟೇ ಆಶೌಚ, ಹತ್ತು ಕಳೆದ ಮೇಲೆ ಮುಟ್ಟಿದರೆ ಮೂರು ರಾತ್ರಿ ಎಂದು ಮನುಸ್ಮೃತಿಯು ಎರಡನ್ನೂ ತೂಗಿ ನಿರ್ಣಯಿಸಿದೆ. ತಡವಾಗಿ ರಿಪೋರ್ಟು ಪಡೆದವನ ಸಮಸ್ಯೆಯ ರೂಪವೂ ಇದೇ.

ರೋಗಿಗಿಂತ ಕಠಿನವಾದುದು ಮನೆಯವರ ಲೆಕ್ಕ. ಸಂಪರ್ಕಕ್ಕೆ ಬಂದವನು ಕೊನೆಯ ಸಂಪರ್ಕದ ದಿನದಿಂದ ಎಣಿಸಬೇಕೆಂಬುದು ಸಾಮಾನ್ಯ ನಿಯಮವಾಗಿತ್ತು; ಆದರೆ ಒಂದೇ ಬಚ್ಚಲಿನ ಮನೆಯಲ್ಲಿ ರೋಗಿಗೆ ಗಂಜಿ ಕಾಯಿಸಿಕೊಡುವ ತಾಯಿಗೆ ಕೊನೆಯ ಸಂಪರ್ಕವೆಂಬುದು ದಿನದಿನವೂ ಮುಂದಕ್ಕೆ ಸರಿಯುತ್ತಿತ್ತು. ಅಮೆರಿಕದ ಮೊದಲ ನಿಯಮವನ್ನು ಅಕ್ಷರಶಃ ಪಾಲಿಸಿದರೆ, ಮಗನ ಹತ್ತು ದಿನಗಳು ಮುಗಿದ ಮೇಲೆ ಆಕೆಯ ಹದಿನಾಲ್ಕು ತೊಡಗಿ, ಒಟ್ಟು ಇಪ್ಪತ್ತನಾಲ್ಕು ದಿನ ಆಕೆ ಹೊಸ್ತಿಲು ದಾಟುವಂತಿರಲಿಲ್ಲ. ಬ್ರಿಟಿಷರು ಇದನ್ನು ಅರಿತೇ ಇದ್ದಿರಬೇಕು. ಮನೆಯ ಮೊದಲ ರೋಗಿಯ ಲಕ್ಷಣದ ದಿನದಿಂದಲೇ ಎಲ್ಲರಿಗೂ ಎಣಿಕೆಯನ್ನಿಟ್ಟು, ನಡುವೆ ಮತ್ತೊಬ್ಬರು ಮಲಗಿದರೆ ಅವರೊಬ್ಬರ ಲೆಕ್ಕ ಮಾತ್ರ ಹೊಸದಾಗಬೇಕೆಂದು ವಿಧಿಸಿದರು.

ಇನ್ನು, ಮೊದಲ ಲಕ್ಷಣದ ದಿನವೇ ನಿಶ್ಚಯವಿಲ್ಲದವರ ಪಾಡು. ನಿತ್ಯವೂ ಕೆಮ್ಮುವ ವೃದ್ಧರು, ಗದ್ದೆಯ ಕೆಲಸದಿಂದ ಸದಾ ಮೈಕೈ ನೋಯುವವರು, ರೋಗವು ಭಾನುವಾರ ತೊಡಗಿತೋ ಮಂಗಳವಾರ ತೊಡಗಿತೋ ಎಂದು ಪ್ರಮಾಣ ಮಾಡಿ ಹೇಳಲಾರರು. ಅಂಥಲ್ಲಿ ಒಂದೇ ತಾರೀಖನ್ನು ಹಟದಿಂದ ಹಿಡಿಯುವ ಅಗತ್ಯವಿಲ್ಲವೆಂದು ನನಗೆ ತೋರುತ್ತದೆ. ಬಿಡುಗಡೆಯ ಲೆಕ್ಕಕ್ಕೆ ಮಂಗಳವಾರವನ್ನು ಹಿಡಿಯುವುದು. ತನ್ನಿಂದ ಯಾರಿಗೆ ಸೋಂಕು ತಗುಲಿರಬಹುದೆಂದು ಹುಡುಕುವಾಗ ಭಾನುವಾರವನ್ನು ಹಿಡಿದು, ಅಲ್ಲಿಂದ ಇನ್ನೆರಡು ದಿನ ಹಿಂದಕ್ಕೆ, ಶುಕ್ರವಾರದವರೆಗೆ ಹೋಗಿ, ಅಂದಿನಿಂದ ಎದುರಿಗೆ ಕುಳಿತು ಮಾತನಾಡಿದವರೆಲ್ಲರಿಗೂ ಹೇಳಿ ಕಳುಹಿಸುವುದು.