ಬೆರಳುದ್ದದ ಯೋಧರಿಗೊಂದು ಹಳೇಬೀಡು

ಬೇಲೂರಿನ ಚೆನ್ನಕೇಶವ ದೇವಾಲಯದ ಗರ್ಭಗುಡಿಯ ಮೇಲೆ ಈಗ ಶಿಖರವಿಲ್ಲ. ಹೊಯ್ಸಳರ ಶಿಖರ ಹೇಗಿರುತ್ತಿತ್ತೆಂದು ಅಲ್ಲೇ ತಿಳಿಯಬೇಕಿದ್ದರೆ ಮೆಟ್ಟಿಲುಗಳ ಪಕ್ಕದ ಪುಟ್ಟ ಗುಡಿಗಳನ್ನು ನೋಡಬೇಕು. ಹೊರಗೋಡೆಗಳ ಮೇಲಂತೂ ಇನ್ನೂ ಚಿಕ್ಕ ಶಿಖರಗಳ ಉಬ್ಬುಗೆತ್ತನೆ ಇದೆ. ದೊಡ್ಡ ಕಟ್ಟಡವನ್ನು ಚಿಕ್ಕದಾಗಿ ಕಡೆದು ನಿಲ್ಲಿಸುವ ಆಸೆ ಹಾಸನ ಜಿಲ್ಲೆಗೆ ಹೊಸದಲ್ಲ.

ಇದೇ ಆಸೆಯಿಂದ ಹುಟ್ಟಿದ ಒಂದು ಕಸುಬು ಹೊರದೇಶಗಳಲ್ಲಿ ದಶಕಗಳಿಂದ ಬೆಳೆದಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಆಟಗಾರರು ವೀರರ ಪಾತ್ರ ವಹಿಸಿ ನೆಲಮಾಳಿಗೆ, ಪಾಳುಕೋಟೆಗಳನ್ನು ಹೊಕ್ಕು ಬರುತ್ತಾರೆ. ಮೇಜಿನ ಮೇಲೆ ಆ ವೀರರಿಗೆ ಸುಮಾರು 28 ಮಿಲಿಮೀಟರ್ ಎತ್ತರದ ಗೊಂಬೆಗಳು. ಅವು ಓಡಾಡಲು ಗೋಡೆ, ಕಂಬ, ಕಮಾನು ಬೇಕಲ್ಲ? ಅದಕ್ಕಾಗಿ ಅಮೆರಿಕದ ಬ್ರೂಸ್ ಹರ್ಸ್ಟ್ ಸಿಲಿಕೋನ್ ಅಚ್ಚುಗಳನ್ನು ಮಾಡಿ ಮಾರಿದರು. ಅಚ್ಚಿಗೆ ಪ್ಲಾಸ್ಟರ್ ಸುರಿದು ಪುಟ್ಟ ಕಲ್ಲುಗಳನ್ನು ಎರಕ ಹೊಯ್ದುಕೊಂಡು, ಅಂಟಿನಿಂದ ಒಂದೊಂದಾಗಿ ಕಟ್ಟುತ್ತಾ ಹೋಗುವುದು ಕ್ರಮ. ದಸರಾ ಬೊಂಬೆ ಕೂರಿಸುವಾಗ ಬೆಟ್ಟ, ಕೊಳ, ಗುಡಿ ಕಟ್ಟಿದವರಿಗೆ ಇದರ ಖುಷಿ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಸಾಮಗ್ರಿಯೂ ಅಪರಿಚಿತವಲ್ಲ. ಮನೆಗಳ ಫಾಲ್ಸ್ ಸೀಲಿಂಗಿಗೆ ಬಳಸುವ ಪಿಒಪಿಯೇ ಇದು. ಜಿಪ್ಸಮ್ ಖನಿಜವನ್ನು ಸುಮಾರು 150 ಡಿಗ್ರಿಯಲ್ಲಿ ಕಾಯಿಸಿದರೆ ಅದರೊಳಗಿನ ನೀರಿನ ಮುಕ್ಕಾಲು ಪಾಲು ಹೋಗಿ ಪುಡಿಯಾಗುತ್ತದೆ. ಮತ್ತೆ ನೀರು ಸೇರಿಸಿದರೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಗ ಅಚ್ಚನ್ನು ಮುಟ್ಟಿದರೆ ಕೈಗೆ ಬಿಸಿ ತಾಗುತ್ತದೆ. ಗಟ್ಟಿಯಾಗುವಾಗ ಪ್ಲಾಸ್ಟರ್ ಒಂದಿಷ್ಟು ಹಿಗ್ಗುವುದರಿಂದ ಅಚ್ಚಿನ ಸಣ್ಣ ಗೀರನ್ನೂ ಬಿಡದೆ ತುಂಬಿಕೊಳ್ಳುತ್ತದೆ. ಸಾದಾ ಪಿಒಪಿಯ ಅಂಚು ಬೇಗ ಮುಕ್ಕಾಗುತ್ತದೆ. ಹಲ್ಲಿನ ಡಾಕ್ಟರುಗಳು ದವಡೆಯ ಪಡಿಯಚ್ಚಿಗೆ ಬಳಸುವ ಡೆಂಟಲ್ ಸ್ಟೋನ್ ಇನ್ನೂ ಗಟ್ಟಿ. 100 ಗ್ರಾಮಿಗೆ 30 ಮಿಲಿಲೀಟರ್ ಆಸುಪಾಸಿನ ನೀರು ಸಾಕು. ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಗೆ ನೀರಲ್ಲ, ಇಲ್ಲವಾದರೆ ಗಂಟುಕಟ್ಟುತ್ತದೆ. ಮೊದಲು ಕುಂಚದಿಂದ ಅಚ್ಚಿನ ಸಂದಿಗಳಿಗೆ ತೆಳುವಾಗಿ ಬಳಿದು, ಆಮೇಲೆ ಉಳಿದದ್ದನ್ನು ಸುರಿದು ಮೇಜನ್ನು ತಟ್ಟಬೇಕು, ಗಾಳಿಗುಳ್ಳೆ ಮೇಲೆದ್ದು ಒಡೆಯಲಿ ಎಂದು. ಉಳಿದ ಪ್ಲಾಸ್ಟರನ್ನು ಸಿಂಕಿಗೆ ಚೆಲ್ಲಬಾರದು, ಪೈಪಿನೊಳಗೇ ಕಲ್ಲಾಗಿಬಿಡುತ್ತದೆ.

ಮಾರುಕಟ್ಟೆಯ ಅಚ್ಚುಗಳು ಬಹುಪಾಲು ಯುರೋಪಿನ ಗಾಥಿಕ್ ಕಮಾನುಗಳವು. ಹಳೇಬೀಡಿಗೆ 16 ಕಿಲೋಮೀಟರ್ ದೂರದ ಬೇಲೂರಿನಲ್ಲಿ ಕೂತು ಅದನ್ನೇ ಎರಕ ಹೊಯ್ಯಬೇಕೇ? ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ಗೋಡೆಯ ಬುಡ ನೋಡಿ. ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣ ಕಥೆಗಳು, ಮಕರ, ಹಂಸ ಎಂದು ಎಂಟು ಪಟ್ಟಿಕೆಗಳು ಒಂದರ ಮೇಲೊಂದು ಕೂತಿವೆ. ಇಂಥ ಗೋಡೆ ಎರಕದವನಿಗೆ ಹೇಳಿ ಮಾಡಿಸಿದಂತಿದೆ: ಒಂದೊಂದು ಪಟ್ಟಿಕೆಗೆ ಒಂದೊಂದು ಅಚ್ಚು. ಅರಸೀಕೆರೆಯ ಈಶ್ವರ ದೇವಾಲಯದ 16 ಮೂಲೆಗಳ ನಕ್ಷತ್ರಾಕಾರದ ಗರ್ಭಗುಡಿ ನೋಡಲು ಜಟಿಲ. ಅಲ್ಲಿಯ ಮೂಲೆಗಳು ಎಲ್ಲವೂ ಒಂದೇ ಬಗೆಯವಲ್ಲ. ಆದರೆ ಕಲಿಯುವವರಿಗೆ ಸಮ ನಕ್ಷತ್ರದ ಲೆಕ್ಕ ಸುಲಭ. ಒಂದೇ ಅಳತೆಯ ನಾಲ್ಕು ಚೌಕಗಳನ್ನು ಒಂದೇ ನಡುವಿನ ಸುತ್ತ 22.5 ಡಿಗ್ರಿಯಷ್ಟು ತಿರುಗಿಸುತ್ತಾ ಬರೆದರೆ 16 ಮೂಲೆಗಳು ಸಿಗುತ್ತವೆ; ಪ್ರತಿ ಮೂಲೆಯೂ 90 ಡಿಗ್ರಿ. ಅಂದರೆ ಒಂದೇ ಮೂಲೆಗಲ್ಲಿನ ಅಚ್ಚು ಇಡೀ ಗುಡಿಗೆ ಸಾಕು.

ಒಂದು ಮಾತನ್ನು ಒತ್ತಿ ಹೇಳಬೇಕು: ದೇವಾಲಯದ ಗೋಡೆಗೆ ಸಿಲಿಕೋನ್ ಮೆತ್ತಿ ಅಚ್ಚು ತೆಗೆಯುವುದು ಅಪರಾಧ, ಅದಕ್ಕಿಂತ ಹೆಚ್ಚಾಗಿ ದ್ರೋಹ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಕಣ್ಣಿನಿಂದ ನೋಡಿ, ಕಾಗದದ ಮೇಲೆ ಬರೆದುಕೊಂಡು, ಜೇಡಿಮಣ್ಣಿನಲ್ಲಿ ಮೂಲಮಾದರಿಯನ್ನು ನಾವೇ ಕೆತ್ತಬೇಕು. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಬರೆದುಕೊಂಡಿದ್ದಾರೆ. ಆ ಹೆಸರಿಗೆ ಗೌರವ ತೋರುವ ದಾರಿ ಅದೊಂದೇ. ಅವರು ಬಳಪದ ಕಲ್ಲಿನಲ್ಲಿ ಹೂಬಳ್ಳಿಯ ಹಿಂಬದಿಯನ್ನೂ ಕೊರೆದು ಬಿಡಿಸಿದರು. ಪ್ಲಾಸ್ಟರಿಗೆ ಆ ಶಕ್ತಿಯಿಲ್ಲ, ಅಚ್ಚಿನಿಂದ ಬಿಡಿಸುವಾಗಲೇ ಎಸಳು ಮುರಿಯುತ್ತದೆ. ಹಾಗಾಗಿ ಮಾದರಿಯಲ್ಲಿ ಉಬ್ಬನ್ನು ತಗ್ಗಿಸಿ ಕೆತ್ತಬೇಕು.

ಬಣ್ಣ ಹಚ್ಚುವುದೇ ಇದರಲ್ಲಿ ನನಗೆ ಅತಿ ಪ್ರಿಯವಾದ ಘಟ್ಟ. ಪ್ಲಾಸ್ಟರ್ ಪೂರ್ತಿ ಒಣಗಿದ ಮೇಲೆ ಪ್ರೈಮರ್ ಹಚ್ಚಬೇಕು, ಇಲ್ಲದಿದ್ದರೆ ಬಣ್ಣವನ್ನೆಲ್ಲ ಹೀರಿಬಿಡುತ್ತದೆ. ಕಪ್ಪಿಗೆ ಕೊಂಚ ಹಸಿರು ಬೆರೆಸಿ ಮೊದಲ ಲೇಪ. ಅದು ಒಣಗಿದ ಮೇಲೆ ಬೂದು ಬಣ್ಣದಲ್ಲಿ ಕುಂಚ ಅದ್ದಿ, ಬಟ್ಟೆಯಲ್ಲಿ ಒರೆಸಿ, ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟು ಉಳಿದಾಗ ಕೆತ್ತನೆಯ ಮೇಲೆ ಹಗುರವಾಗಿ ಆಡಿಸಬೇಕು. ಆನೆಯ ಬೆನ್ನು, ಸೊಂಡಿಲಿನ ತಿರುವು, ಕಾಲಿನ ಕಡಗ ಮಾತ್ರ ಬೆಳಗುತ್ತವೆ. ಸಂದಿಗಳಲ್ಲಿ ಕಪ್ಪು ಹಾಗೇ ಉಳಿಯುತ್ತದೆ. ಮಳೆ ಹನಿಯುವ ಸೂರಿನ ಕೆಳಗೆ ಒಂದೆರಡು ಕಡೆ ಪಾಚಿಯ ಹಸಿರು ತಾಗಿಸಿದರೆ ಸಾಕು.

ಮೊದಲಿಗೆ ಇಡೀ ಗುಡಿಗೆ ಕೈಹಾಕುವುದು ಬೇಡ. ಆನೆಗಳ ಒಂದು ಪಟ್ಟಿಕೆ, ಅದರ ಮೂಲೆಗಲ್ಲು, ತಿರುಗಣೆಯಲ್ಲಿ ಕಡೆದಂತೆ ಕಾಣುವ ಒಂದು ಕಂಬ: ಈ ಮೂರು ಅಚ್ಚುಗಳಿದ್ದರೆ ಗೊಂಬೆಗಳ ಹೆಜ್ಜೆಗೆ ಒಂದು ಪಾಳುಮಂಟಪ ಎದ್ದು ನಿಲ್ಲುತ್ತದೆ.